ಸತ್ತವರು ಕಂಟ್ರೋಲರ್ ಕೊಡಬೇಕು

ನಮ್ಮ ಮನೆಯಲ್ಲಿ ಒಂದು ಕಾನೂನಿತ್ತು. ಸತ್ತವರು ಕಂಟ್ರೋಲರ್ ಕೊಡಬೇಕು. ಕಾನೂನು ಮಾಡಿದವಳು ಅಕ್ಕ. ಕಂಪ್ಯೂಟರ್ ಬಂದದ್ದು ನನ್ನ ಡಿಗ್ರಿ ಓದಿನ ಹೆಸರಿನಲ್ಲಿ, ವಿಡಿಯೋ ಗೇಮ್ ಆಡುವ ಕಂಟ್ರೋಲರ್ ಬಂದದ್ದು ಗಲ್ಫಿನಲ್ಲಿದ್ದ ಚಿಕ್ಕಪ್ಪನ ಸೂಟ್‌ಕೇಸಿನಲ್ಲಿ. ಇದ್ದದ್ದು ಒಂದೇ ಕಂಟ್ರೋಲರ್, ಆಡುವವರು ಇಬ್ಬರು ಅಕ್ಕತಂಗಿಯರು. ಜಗಳವಾಡಿ ಸಾಕಾದ ಮೇಲೆ ಹುಟ್ಟಿದ ಕಾನೂನು ಅದು.

ಅದಕ್ಕೆ ತಕ್ಕ ಆಟವೇ ನಮಗೆ ಸಿಕ್ಕಿತ್ತು. ತುಕ್ಕು ಹಿಡಿದ ಕವಚ ತೊಟ್ಟ ಒಬ್ಬ ಸೈನಿಕ, ಹಾಳುಬಿದ್ದ ಒಂದು ರಾಜ್ಯ, ಮೂಲೆ ಮೂಲೆಯಲ್ಲಿ ಹೊಂಚು ಹಾಕಿ ಕೂತ ಪಿಶಾಚಿಗಳು. ಎರಡು ಏಟು ಬಿದ್ದರೆ ಕಥೆ ಮುಗಿಯಿತು, ಹಿಂದಿನ ದೀಪಸ್ತಂಭದ ಬಳಿ ಮತ್ತೆ ಹುಟ್ಟಿ ಬರಬೇಕು. ಒಂದೊಂದು ಪ್ರದೇಶದ ಕೊನೆಗೂ ಒಬ್ಬ ಬಾಸ್, ಅಂದರೆ ದೊಡ್ಡ ರಾಕ್ಷಸ. ಅವನನ್ನು ಮುಗಿಸಲು ನಮಗೆ ವಾರಗಟ್ಟಲೆ ಬೇಕಾಗುತ್ತಿತ್ತು. ಅಕ್ಕ ಕಾಸರಗೋಡಿನ ಒಂದು ಆಸ್ಪತ್ರೆಯ ಲ್ಯಾಬಿನಲ್ಲಿ ಕೆಲಸಕ್ಕಿದ್ದಳು. ಹಗಲೆಲ್ಲ ಊರವರ ರಕ್ತ ತೆಗೆದು, ಬಸ್ಸಿನಲ್ಲಿ ಪೈವಳಿಕೆಯ ಕಡೆಗಿರುವ ನಮ್ಮ ಮನೆಗೆ ಬಂದು, ಸಂಜೆ ಪ್ರಾರ್ಥನೆಯ ತನಕ ಪಿಶಾಚಿಗಳ ರಕ್ತ ತೆಗೆಯುತ್ತಿದ್ದಳು.

ಮನೆಮಾತು ಕೊಂಕಣಿಯಾದರೂ ಆಟದ ಮಾತು ಕನ್ನಡ. ಶಾಲೆಯ ಅಂಗಳದಲ್ಲಿ ಕನ್ನಡದಲ್ಲಿಯೇ ಆಡಿ ಬೆಳೆದವರು ನಾವು, ಜಗಳ ಆ ಭಾಷೆಯಲ್ಲಿಯೇ ಸಲೀಸು. ಒಮ್ಮೆ ಮನೆ ಆಶೀರ್ವಾದಕ್ಕೆ ಬಂದ ಫಾದರ್ ಚಾವಡಿಯಲ್ಲಿ ಚಹಾ ಕುಡಿಯುತ್ತಿದ್ದಾಗ ಒಳಗಿನಿಂದ ಅಕ್ಕನ ದನಿ ಕೇಳಿತು. "ನಾನು ಆಗಲೇ ಮೂರು ಸಲ ಸತ್ತೆ ಮಾರಾಯ್ತಿ, ನೀನು ಎಂತ ಇನ್ನೂ ಸಾಯುವುದಿಲ್ಲ?" ಫಾದರ್ ಕಪ್ ಕೆಳಗಿಟ್ಟರು. ಮಮ್ಮಿ ಅವರಿಗೆ ಏನು ವಿವರಿಸಿದರೋ, ಆ ದಿನ ನಮ್ಮಿಬ್ಬರ ತಲೆಯ ಮೇಲೆ ಎಲ್ಲರಿಗಿಂತ ಹೆಚ್ಚು ತೀರ್ಥ ಬಿತ್ತು.

ಅಕ್ಕನ ಮದುವೆ ನಿಶ್ಚಯವಾದ ವಾರವೇ ಆಟಕ್ಕೆ ಹೊಸ ಭಾಗವೊಂದು ಬಂತು. ಡೌನ್‌ಲೋಡ್ ಮಾಡಿ ಹಳೆಯ ಆಟಕ್ಕೆ ಸೇರಿಸಿಕೊಳ್ಳುವಂಥದ್ದು, ಹೊಸ ಊರು, ಹೊಸ ಬಾಸ್‌ಗಳು. ಹುಡುಗ ಮಂಗಳೂರಿನವನು, ಕೆಲಸ ಬಹ್ರೇನಿನಲ್ಲಿ. ಮದುವೆಯಾಗಿ ಎರಡು ವಾರದೊಳಗೆ ಅಕ್ಕನೂ ಅಲ್ಲಿಗೆ. ಅಕ್ಕ ಸೀರೆಯ ಬಣ್ಣಕ್ಕಿಂತ ಮೊದಲು ಇದನ್ನು ತೀರ್ಮಾನಿಸಿದಳು. "ಹೋಗುವುದರೊಳಗೆ ಇದನ್ನು ಮುಗಿಸಬೇಕು. ಇಬ್ಬರೂ ಸೇರಿ. ನೀನೊಬ್ಬಳೇ ಮುಗಿಸಿದ್ದು ಗೊತ್ತಾದರೆ ಅಲ್ಲಿಂದ ಬಂದು ಹೊಡಿತೇನೆ." ನನಗೂ ಆ ದಿನಗಳಲ್ಲಿ ಬೇರೆ ಆಸೆಯಿರಲಿಲ್ಲ. ಅವಳು ಹೋಗುತ್ತಾಳೆ ಎಂಬುದನ್ನು ಯೋಚಿಸದೆ ಇರಲು ಒಂದು ಬಾಸ್ ಬೇಕಿತ್ತು.

ಡೌನ್‌ಲೋಡೇ ಮೊದಲನೇ ಬಾಸ್. ಇಂಟರ್ನೆಟ್ ಬರುತ್ತಿದ್ದದ್ದು ಲ್ಯಾಂಡ್‌ಲೈನ್ ತಂತಿಯಲ್ಲಿ, ಯಾರಾದರೂ ಫೋನ್ ಎತ್ತಿದರೆ ಅದು ಕೊರಕೊರ ಎಂದು ಸತ್ತುಹೋಗುತ್ತಿತ್ತು. ಮಮ್ಮಿ ಅದೇ ಫೋನಿನಲ್ಲಿ ನೆಂಟರನ್ನು ಮದುವೆಗೆ ಕರೆಯುತ್ತಿದ್ದರು. ಒಬ್ಬೊಬ್ಬ ಮಾವಶಿಗೂ, ಅಂದರೆ ಚಿಕ್ಕಮ್ಮನಿಗೂ, ಅರ್ಧ ಗಂಟೆ. ಅರ್ಧಕ್ಕರ್ಧ ಬಂದದ್ದು ನಿಲ್ಲುವುದು, ಮತ್ತೆ ಶುರುವಾಗುವುದು, ಹೀಗೆ ನಾಲ್ಕು ದಿನ. ಪೇಟೆಯಲ್ಲಿ ಫ್ಯಾನು, ಸ್ವಿಚ್ಚುಗಳ ಅಂಗಡಿ ಇಟ್ಟಿದ್ದ ಪಪ್ಪ ಐದನೇ ದಿನ ಫೋನನ್ನೂ ಇಂಟರ್ನೆಟ್ಟನ್ನೂ ಬೇರೆ ಮಾಡುವ ಒಂದು ಪುಟ್ಟ ಡಬ್ಬಿ ತಂದು ತಂತಿಗೆ ಸಿಕ್ಕಿಸಿದರು. "ಇಷ್ಟು ದಿನ ಬಾಯಲ್ಲಿ ಎಂತ ಇತ್ತು ನಿಮಗೆ?" ಎಂದು ಕೇಳಿದರು. ಅದೇ ಸಂಜೆ ಡೌನ್‌ಲೋಡ್ ಮುಗಿಯಿತು.

ಆದರೆ ಹೊಸ ಊರಿನ ಬಾಗಿಲು ಎಲ್ಲಿ? ಹುಡುಕಿ ಓದಿದಾಗ ತಿಳಿಯಿತು, ಅದು ಆಟದ ಕೊನೆಯಲ್ಲಿಲ್ಲ, ನಟ್ಟನಡುವೆ ಇದೆ. ನಾವೋ ಆಟ ಮುಗಿಸಿ ಕೂತವರು. ಮುಗಿಸಿದ ಖುಷಿಯಲ್ಲಿ ನಾನು ಹಿಂದೆಮುಂದೆ ನೋಡದೆ ಬಟನ್ ಒತ್ತಿದ್ದೆ, ಆಟ ಎರಡನೇ ಸುತ್ತಿಗೆ ಹೊರಟುಬಿಟ್ಟಿತ್ತು. ಎರಡನೇ ಸುತ್ತಿನಲ್ಲಿ ಎಲ್ಲವೂ ಮೊದಲಿನಿಂದ, ಪಿಶಾಚಿಗಳು ಇನ್ನೂ ಗಟ್ಟಿ. ಆ ಬಾಗಿಲಿಗೆ ಹೋಗಬೇಕಾದರೆ ಅರ್ಧ ರಾಜ್ಯವನ್ನು ಮತ್ತೆ ಗೆಲ್ಲಬೇಕು. ಅಕ್ಕ ಎರಡು ದಿನ ನನ್ನೊಡನೆ ಮಾತು ಬಿಟ್ಟಳು, ಮೂರನೇ ದಿನ ಬಂದು ಪಕ್ಕದಲ್ಲಿ ಕೂತಳು.

ನಮ್ಮ ಇಗರ್ಜಿಯಲ್ಲಿ ಮದುವೆಗೆ ಮುಂಚೆ ಮೂರು ಭಾನುವಾರ ವಧೂವರರ ಹೆಸರು ಓದಿ ಹೇಳುತ್ತಾರೆ, ಯಾರಿಗಾದರೂ ತಕರಾರಿದ್ದರೆ ತಿಳಿಸಲಿ ಎಂದು. ಮೊದಲ ಭಾನುವಾರ ಓದಿದಾಗ ನಾವು ಇನ್ನೂ ಕೋಟೆಯ ಚರಂಡಿಯಲ್ಲಿ ಸಾಯುತ್ತಿದ್ದೆವು. ಎರಡನೆಯದಕ್ಕೆ ಬಾಗಿಲು ಸಿಕ್ಕಿತು. ಮೊದಲು ಬರಿಯ ಗೋಡೆಯಿದ್ದ ಕಡೆ ಈಗ ಮಂಜಿನ ಬಾಗಿಲು, ಅದರಾಚೆ ಬೆಳ್ಳಗಿನ ಬೆಟ್ಟ. ಮೂರನೆಯ ಭಾನುವಾರ ಉಳಿದದ್ದು ಒಬ್ಬನೇ ಬಾಸ್, ಎರಡು ತಲೆಯ ಒಬ್ಬ ಅರಸ. ಫಾದರ್ ಓದುತ್ತಿರುವಾಗ ನನಗೆ ಎದ್ದು ನಿಂತು ತಕರಾರಿದೆ ಎನ್ನಬೇಕೆನಿಸಿತು. ಇನ್ನೊಂದು ವಾರ ಮುಂದೂಡಿ ಎಂದಷ್ಟೇ.

ಅರಸ ಬಗ್ಗಲಿಲ್ಲ. ಮದುವೆಯ ಹಿಂದಿನ ಸಂಜೆ ನಮ್ಮಲ್ಲಿ ರೋಸ್ ಶಾಸ್ತ್ರ. ರೋಸ್ ಎಂದರೆ ತೆಂಗಿನ ಹಾಲು. ಮದುಮಗಳನ್ನು ಕೂರಿಸಿ ನೆಂಟರೆಲ್ಲ ಸಾಲಾಗಿ ಬಂದು ತಲೆಗೆ, ಕೆನ್ನೆಗೆ, ಕೈಗೆ ತೆಂಗಿನ ಹಾಲು, ಎಣ್ಣೆ ಹಚ್ಚುತ್ತಾರೆ. ಪಕ್ಕದಲ್ಲಿ ಕೂರುವ ದೇಡಿಯನ್ನೂ, ಅಂದರೆ ಮದುಮಗಳ ಜೊತೆಗಾತಿಯನ್ನೂ, ಬಿಡುವುದಿಲ್ಲ. ದೇಡಿ ನಾನು. ಹಾಡು ಮುಗಿಯುವಾಗ ಇಬ್ಬರೂ ತಲೆಯಿಂದ ಕಾಲಿನವರೆಗೆ ತೊಟ್ಟಿಕ್ಕುತ್ತಿದ್ದೆವು. ಹಂಡೆಯ ನೀರು ಇನ್ನೂ ಕಾದಿರಲಿಲ್ಲ. ನೆಂಟರು ಚಪ್ಪರದಲ್ಲಿ ಊಟಕ್ಕೆ ಕೂತರು. ಅಕ್ಕ ನನ್ನನ್ನು ನೋಡಿದಳು, ನಾನು ಅಕ್ಕನನ್ನು ನೋಡಿದೆ.

"ಹತ್ತು ನಿಮಿಷ ಉಂಟು," ಎಂದಳು ಅಕ್ಕ.

ಕುರ್ಚಿಗೆ ಟವೆಲ್ ಹಾಸಿದೆವು. ಕೈಯನ್ನೂ ಒರೆಸಿಕೊಂಡೆವು, ಆದರೆ ತೆಂಗಿನ ಹಾಲು ಒರೆಸಿದರೆ ಹೋಗುವಂಥದ್ದಲ್ಲ. ಅಕ್ಕ ಸತ್ತಳು, ನಾನು ಸತ್ತೆ, ಅಕ್ಕ ಸತ್ತಳು. ನನ್ನ ಸರದಿಯಲ್ಲಿ ಅರಸನ ಜೀವದ ಗೆರೆ ಉಗುರಿನಷ್ಟಕ್ಕೆ ಇಳಿಯಿತು. ಅವನು ಕತ್ತಿ ಎತ್ತಿದ, ನಾನು ಪಕ್ಕಕ್ಕೆ ಉರುಳುವ ಬಟನ್ ಒತ್ತಿದೆ. ಒಳಗೆ ಹೋದ ಬಟನ್ ಮೇಲೆ ಬರಲೇ ಇಲ್ಲ. ನಾನು ಸತ್ತೆ, ಜೊತೆಗೆ ಕಂಟ್ರೋಲರೂ ಸತ್ತಿತು. ಬಾಗಿಲಲ್ಲಿ ನಿಂತ ಮಮ್ಮಿ ಟೇಬಲ್ ಮೇಲೆ ಹನಿದ ರೋಸನ್ನು ನೋಡಿ ಬೈಯುವ ಶಕ್ತಿಯೂ ಇಲ್ಲದೆ, "ನೀರು ಕಾದಿದೆ," ಎಂದಷ್ಟೇ ಹೇಳಿದರು.

ಮರುದಿನ ಮದುವೆ ಚೆನ್ನಾಗಿಯೇ ಆಯಿತು. ಹಾಲ್‌ನಲ್ಲಿ ಕೇಕು, ಟೋಸ್ಟಿನ ಭಾಷಣ, ಬ್ಯಾಂಡು ಎಲ್ಲ ಮುಗಿದ ಮೇಲೆ ಹುಡುಗಿಯನ್ನು ಒಪ್ಪಿಸಿಕೊಡುವ ಶಾಸ್ತ್ರ. ದೊಡ್ಡಪ್ಪ ಮೈಕ್ ಹಿಡಿದು ನಾಲ್ಕು ಮಾತಾಡಿದರು. ಅಕ್ಕನ ಕೈಯನ್ನು ಅವಳ ಅತ್ತೆಯ ಕೈಯಲ್ಲಿಟ್ಟರು. ಎಲ್ಲರೂ ಅಳುತ್ತಿದ್ದರು. ನನಗೆ ಅಳು ಬರಲಿಲ್ಲ, ಸಿಟ್ಟು ಬಂತು. ಸತ್ತವರಲ್ಲವೇ ಕೊಡಬೇಕಾದದ್ದು? ಇಲ್ಲಿ ಯಾರೂ ಸತ್ತಿರಲಿಲ್ಲ. ಎಲ್ಲರೂ ಬಿರಿಯಾನಿ ತಿಂದು ಗಟ್ಟಿಮುಟ್ಟಾಗಿ ನಿಂತಿದ್ದರು, ಆದರೂ ನನ್ನ ಅಕ್ಕನನ್ನು ಕೊಟ್ಟುಬಿಟ್ಟರು. ಮನೆಗೆ ಬಂದು ಕಂಪ್ಯೂಟರಿನ ಮೇಲೆ ಬಟ್ಟೆ ಹೊದಿಸಿದಾಗ ಆ ಸಿಟ್ಟೇ ಅಳುವಾಯಿತು.

ಮದುವೆಯ ಮಾರನೆಯ ದಿನ ವಧೂವರರು ಗಂಡಿನ ಮನೆಯವರ ಜೊತೆ ಹುಡುಗಿಯ ಮನೆಗೆ ಊಟಕ್ಕೆ ಮರಳಿ ಬರುವ ಪದ್ಧತಿಯುಂಟು. ಬೆಳಿಗ್ಗೆ ನೋಡಿದರೆ ಪಪ್ಪ ಕಂಟ್ರೋಲರ್ ಬಿಚ್ಚಿ, ಸ್ವಿಚ್ಚು ತೊಳೆಯುವ ಸ್ಪ್ರೇ ಹೊಡೆದು, ಬಿಸಿಲಿಗಿಟ್ಟಿದ್ದರು. "ಮದುಮಗಳು ಬರುವುದಿಲ್ಲವಾ," ಎಂದರು ತಲೆಯೆತ್ತದೆ. ತೆಂಗಿನ ವಾಸನೆ ಮಾತ್ರ ಹೋಗಿರಲಿಲ್ಲ.

ಊಟ ಮುಗಿದದ್ದೇ ಅಕ್ಕ ಹೊಸ ಸೀರೆಯ ಸೆರಗು ಸೊಂಟಕ್ಕೆ ಸಿಕ್ಕಿಸಿ ಕೂತಳು. ಕೊನೆಗೆ ಸತ್ತವಳು ನಾನು, ಆದ್ದರಿಂದ ಸರದಿ ಅವಳದ್ದು. ಭಾವ ಹಿಂದಿನಿಂದ ಇಣುಕಿ, "ಇದರಲ್ಲಿ ಗೆದ್ದರೆ ಎಂತ ಸಿಗ್ತದೆ?" ಎಂದು ಕೇಳಿದರು. ಅಕ್ಕ ಆಗಲೇ ಆಟ ಶುರುಮಾಡಿದ್ದಳು. ಅಷ್ಟು ಚೆನ್ನಾಗಿ ಅಕ್ಕ ಆಡಿದ್ದನ್ನು ನಾನು ನೋಡಿರಲಿಲ್ಲ. ಅರಸನ ಜೀವ ಅರ್ಧಕ್ಕೆ, ಕಾಲು ಭಾಗಕ್ಕೆ, ಉಗುರಿನಷ್ಟಕ್ಕೆ ಇಳಿಯಿತು. ಇನ್ನೊಂದೇ ಏಟು. ಆಗ ಅವಳು ಕಂಟ್ರೋಲರನ್ನು ನನ್ನ ಮಡಿಲಿಗೆ ಹಾಕಿದಳು.

"ಹಿಡಿ. ನೀನು ಹೊಡಿ."

"ನೀನು ಸತ್ತಿಲ್ಲವಲ್ಲ."

"ಸಾಯದೆಯೂ ಕೊಡ್ಲಿಕ್ಕೆ ಆಗ್ತದೆ ಮಾರಾಯ್ತಿ. ಹೊಡಿ ಬೇಗ."

ನಾನು ಅವಳ ಮುಖ ನೋಡುತ್ತ ಉಳಿದೆ. ಅರಸ ಕಾಯುತ್ತಾನೆಯೇ? ಒಂದೇ ಏಟಿಗೆ ನನ್ನನ್ನು ಮುಗಿಸಿದ. ಅಕ್ಕ ನಕ್ಕು ನಕ್ಕು ಕುರ್ಚಿಯಿಂದ ಜಾರಿದಳು. ನನ್ನ ಕಣ್ಣಲ್ಲಿ ನೀರಿತ್ತು, ಆದರೂ ನಗುತ್ತಿದ್ದೆ. ಅಷ್ಟರಲ್ಲಿ ಹೊರಗೆ ಕಾರಿನ ಹಾರ್ನ್ ಕೇಳಿಸಿತು, ಅವಳ ಅತ್ತೆಯ ಮನೆಯವರು ಹೊರಟು ನಿಂತಿದ್ದರು. ಅವಳು ಸೆರಗು ಸರಿಮಾಡಿಕೊಂಡು ಎದ್ದಳು.

ನೆಂಟರ ಮನೆಗಳ ಊಟದಲ್ಲೇ ದಿನ ಕಳೆದು, ಎರಡು ವಾರದೊಳಗೆ ಬಹ್ರೇನಿಗೆ ಹೋದಳು. ಅಲ್ಲಿಂದ ಫೋನಿನಲ್ಲಿ, "ನೀನೇ ಮುಗಿಸು, ಹೊಡಿಯುವುದಿಲ್ಲ," ಎಂದು ಎಷ್ಟೋ ಸಲ ಹೇಳಿದಳು. ನಾನು ಮುಟ್ಟಲಿಲ್ಲ. ಸತ್ತವಳು ನಾನು, ಕಾನೂನು ಕಾನೂನೇ. ಕಂಟ್ರೋಲರನ್ನು ಅಕ್ಕನ ಹಳೆಯ ದುಪಟ್ಟಾದಲ್ಲಿ ಸುತ್ತಿ ಕಪಾಟಿನಲ್ಲಿಟ್ಟೆ.

ಮರುವರ್ಷದ ರಜೆಗೆ ಬಂದಳು, ಮೂರು ಸೂಟ್‌ಕೇಸು, ಹೊಸ ಕನ್ನಡಕ. ಪಪ್ಪ, ಮಮ್ಮಿ ಅಂಗಳಕ್ಕೆ ಇಳಿದರು. ಅವರನ್ನು ಅಪ್ಪಿಕೊಂಡು ಮೆಟ್ಟಿಲ ಬಳಿ ಬಂದವಳು ಚಪ್ಪಲಿ ಬಿಡುವ ಮೊದಲೇ ನನ್ನನ್ನು ಕೇಳಿದಳು, "ಯಾರ ಸರದಿ?"

ನಾನು ದುಪಟ್ಟಾ ಬಿಚ್ಚಿ ಕಂಟ್ರೋಲರನ್ನು ಅವಳ ಕೈಗೆ ಕೊಟ್ಟೆ.