ಹುಲಗಪ್ಪ ಕಾಕಾನ ಹಲ್ಲಿಗೆ ವಯಸ್ಸು

ಮಗಳಿಗೆ ಹಲ್ಲು ಮೂಡುತ್ತಿರುವ ಕಾಲ, ಸಿಕ್ಕಿದ್ದೆಲ್ಲ ಬಾಯಿಗೆ. ಪಕ್ಕದ ಖೋಲಿಯ ಹುಲಗಪ್ಪ ಕಾಕಾ ಕಡ್ಡಿಪೆಟ್ಟಿಗೆ ತೆರೆದು ಅವಳಿಗೆ ಏನೋ ತೋರಿಸುತ್ತಿದ್ದುದನ್ನು ಕಂಡವಳೇ ಓಡಿಹೋದೆ. ಒಳಗೆ ಹತ್ತಿಯ ಮೇಲೆ ಜೋಳದ ಕಾಳಿಗಿಂತ ಸಣ್ಣದೊಂದು ಕರಿಹಲ್ಲು.

"ಅಂಜಬ್ಯಾಡಯವ್ವಾ, ಗಟ್ಟಿ ಹಿಡಕೊಂಡೀನಿ. ಮಂಗ್ಯಾನ ಹಲ್ಲಿದು. ಐದೂವರಿ ಕೋಟಿ ವರ್ಷದ್ದು. ನಿನ್ನ ಮಗಳಕಿಂತ ಒಂದೀಟು ದೊಡ್ಡದು!"

ಮೈಸೂರಲ್ಲಿ ಓದಿದ ನಾನು ಶಿರಹಟ್ಟಿಗೆ ಬಂದು ಎಂಟು ತಿಂಗಳು. ಗಂಡ ಬೆಳಿಗ್ಗೆ ಗದಗಿನ ಬಸ್ಸು ಹತ್ತಿದರೆ ಸಂಜೆಯವರೆಗೆ ನನ್ನೊಡನೆ ಮಾತಾಡುತ್ತಿದ್ದವರು ಕಾಕಾ ಒಬ್ಬರೇ. ಅವರಿಗೂ ಬೇರೆ ಯಾರೂ ಇರಲಿಲ್ಲ.

ಕಾಕಾ ಮೂಲತಃ ಹಮ್ಮಿಗಿ ಎಂಬ ಊರಿನವರು. ಗುಜರಾತಿನ ಲಿಗ್ನೈಟ್ ಕಲ್ಲಿದ್ದಲ ಗಣಿಗೆ ಕೂಲಿಗೆ ಹೋದಾಗ, ಪಳೆಯುಳಿಕೆ ಹುಡುಕುವ ಸಾಹೇಬರೊಬ್ಬರು ಜರಡಿ ಕೆಲಸಕ್ಕೆ ಇಟ್ಟುಕೊಂಡರಂತೆ. ಮಣ್ಣು ನೆನೆಸಿ, ತೊಳೆದು, ಉಳಿದದ್ದರಲ್ಲಿ ಅಕ್ಕಿಯ ಹರಳು ಆರಿಸಿದಂತೆ ಹಲ್ಲು ಆರಿಸುವುದು. ಇಲಿಯಷ್ಟೇ ಇದ್ದು ಮರದ ಮೇಲೆ ಬದುಕಿದ, ಮಂಗಗಳ ಪೂರ್ವಿಕರ ಹಲ್ಲುಗಳು.

"ಹಲ್ಲಿಗೆ ಕೇಳಿದ್ರ ವಯಸ್ಸು ಹೇಳಂಗಿಲ್ಲ. ಕಾರ್ಬನ್ ಪರೀಕ್ಷಾ ಐವತ್ತು ಸಾವಿರ ವರ್ಷಕ್ಕ ಸುಸ್ತಾಗತೈತಿ. ನೆಲದ ಯಾವ ಪದರಿನ್ಯಾಗ ಸಿಕ್ಕೈತಿ, ಆ ಪದರಿನ್ಯಾಗ ಎಂಥಾ ಚಿಪ್ಪು ಅದಾವು, ಅದರ ಮ್ಯಾಲ ಹೇಳಬೇಕು."

ಈ ಹಲ್ಲು ಸಿಕ್ಕ ಸಂಜೆಯೇ ಹೆಂಡತಿ ಮಂಜವ್ವ ತೀರಿಕೊಂಡ ಖಬರ ಬಂದಿತ್ತು. ಯಾವ ಪದರಿನದೆಂದು ಚೀಟಿ ಬರೆಸುವ ಮೊದಲೇ ಹಲ್ಲನ್ನು ಕಿಸೆಗೆ ಹಾಕಿಕೊಂಡು ರೈಲು ಹತ್ತಿದರು. ಮತ್ತೆ ಹೋಗಲಿಲ್ಲ. ಅವರು ಹೆಕ್ಕಿದ ಉಳಿದ ಹಲ್ಲುಗಳಿಗೆಲ್ಲ ಸಾಹೇಬರ ಸಂಗ್ರಹದಲ್ಲಿ ನಂಬರು ಬಿದ್ದಿತ್ತು. ಇದಕ್ಕೂ ಒಂದು ಬೀಳಲಿ ಅನ್ನುವುದು ಹನ್ನೊಂದು ವರ್ಷದ ಆಸೆ.

ನಾನೇ ಫೋಟೊ ತೆಗೆದು ಸಾಹೇಬರಿಗೆ ಇಮೇಲ್ ಬರೆದೆ. ನಾಲ್ಕನೇ ದಿನ ಉತ್ತರ: "ಅಂದು ಎರಡು ಪದರಿನ ಮಣ್ಣು ತೊಳೆದಿದ್ದೆವು. ಇದು ಯಾವುದರದು? ನೆನಪಿಲ್ಲದಿದ್ದರೆ ಹಲ್ಲಿನ ಬೇರಿನ ಸಂದಿಯಲ್ಲಿ ಅಂಟಿದ ಮಣ್ಣು ಕಳಿಸಿ. ಅದರೊಳಗಿನ ಸೂಕ್ಷ್ಮ ಚಿಪ್ಪುಗಳೇ ಹೇಳುತ್ತವೆ."

ಓದಿ ಹೇಳಿದೆ. ಕಾಕಾ ಹಲ್ಲನ್ನು ಪೆಟ್ಟಿಗೆಯಿಂದ ತೆಗೆದು ಬೆಳಕಿಗೆ ಹಿಡಿದರು.

"ಮಣ್ಣೆಲ್ಲೈತಿ? ದೇವರ ಜಗಲಿ ಮ್ಯಾಲ ಇಟ್ಟಿದ್ನಲ್ಲ. ಅಮಾಸಿಗೊಮ್ಮಿ ದೇವರ ಜೋಡಿ ಹುಣಸಿಹಣ್ಣು ಹಚ್ಚಿ ತಿಕ್ಕೀನಿ."

ಹುಳಿಗೆ ಚಿಪ್ಪು ಕರಗುತ್ತದೆಂದು ನಾನು ಹೇಳಬೇಕಿರಲಿಲ್ಲ, ಅವರಿಗೆ ಗೊತ್ತಿತ್ತು.

"ಕೆಳಗಿನ ಪದರು ಅಂದುಬಿಡೋಣ ಕಾಕಾ. ಯಾರಿಗೆ ತಿಳಿಯುತ್ತೆ?" ಅಂದೆ. ಈಗ ನಾಚಿಕೆಯಾಗುತ್ತದೆ.

"ಏ ಹುಚ್ಚವ್ವಾ, ನಾಳೆ ನಿನ್ನ ಮಗಳು ಸಾಲ್ಯಾಗ ಅದನ್ನ ಖರೆ ಅಂತ ಓದಬೇಕೇನು? ಗೊತ್ತಿಲ್ಲ ಅಂತ ಬರಿ."

ಬರೆದೆ. ಮರುದಿನ ಸಾಹೇಬರು ಉತ್ತರಿಸಿದರು: ನಂಬರು ಕೊಡಲಾಗದು, ಕಳಿಸಿದರೆ ಪದರು ಗೊತ್ತಿಲ್ಲದವುಗಳ ಡಬ್ಬಿಯಲ್ಲಿ ಇಡುತ್ತೇವೆ. ಅಷ್ಟು ದೂರ ಯಾಕೆ, ನಿಮ್ಮ ಬಳಿಯೇ ಇರಲಿ ಕಾಕಾ, ಅಂದೆ.

"ಆ ಡಬ್ಬ್ಯಾಗ ಬ್ಯಾರೆ ಹಲ್ಲೂ ಅದಾವೇನು? ಕೇಳು."

ಕೇಳಿದೆ. ಮೂವತ್ತಕ್ಕೂ ಹೆಚ್ಚು ಇವೆಯಂತೆ.

"ಹಂಗಿದ್ರ ಕಳಸೂಣು," ಅನ್ನುತ್ತ ಕಾಕಾ ಅಂಚೆ ಕಚೇರಿಗೆಂದು ಚಪ್ಪಲಿ ಮೆಟ್ಟಿದರು. "ಇಲ್ಲಿ ಪಾಪ, ಅದೊಂದ ಇರತೈತಿ."