ಸಮುದ್ರಕ್ಕೆ ಹೋಗುವ ಮಟಾಟು

ಹೋದ ವಾರ ನೈರೋಬಿಯ ಪಂಗಾನಿಯಲ್ಲಿ ಮಟಾಟು, ಅಂದರೆ ಇಲ್ಲಿನ ಬಾಡಿಗೆ ವ್ಯಾನು, ಹತ್ತಿದೆ. ಮಧ್ಯಾಹ್ನದ ಬಿಸಿಲಿನಲ್ಲಿ ಕಾದು ನಿಂತಿದ್ದ ಗಾಡಿ. ಕಿಟಕಿ ಪಕ್ಕದ ಸೀಟೊಂದೇ ಖಾಲಿಯಿತ್ತು. ಅದರ ರೆಕ್ಸಿನ್ ಹರಿದು ಸ್ಪಂಜು ಹೊರಗೆ ಇಣುಕುತ್ತಿದ್ದದ್ದರಿಂದ ಯಾರೂ ಕೂತಿರಲಿಲ್ಲ. ನಾನು ಕೂತು ಹೆಗಲು ಆನಿಸಿದೆ. ಕಾದ ರೆಕ್ಸಿನ್ನಿನ ವಾಸನೆ... ಹಳೆ ಬೆವರು, ಧೂಳು, ಅಂಟಿನ ಘಾಟು. ಅದು ಮೂಗಿಗೆ ಬಡಿದದ್ದೇ ತಡ, ಹಿಂದೆ ನನ್ನ ಜೊತೆ ಕೆಲಸ ಮಾಡಿದ್ದ ಚೀಫ್ ಪಕ್ಕದಲ್ಲೇ ಕೂತು "ಇದೇ ಸರಿ ಮಾರಾಯ, ಇದನ್ನೇ ತೆಕ್ಕೊ" ಅಂದ ಹಾಗಾಯಿತು.

ನಾನು ಏಳನೇ ಕ್ಲಾಸಿಗೆ ಶಾಲೆ ಬಿಟ್ಟವನು. ಪೀಣ್ಯದ ಶೆಡ್ಡುಗಳಲ್ಲಿ ವೆಲ್ಡಿಂಗ್ ಕಲಿತು, ಎರಡು ಸಾವಿರದ ಇಸವಿ ದಾಟಿದ ಹೊಸದರಲ್ಲಿ ನೈರೋಬಿಗೆ ಬಂದೆ. ಇಂಡಸ್ಟ್ರಿಯಲ್ ಏರಿಯಾದಲ್ಲಿ ಒಬ್ಬ ಗುಜರಾತಿ ಸೇಠರ ಫ್ಯಾಬ್ರಿಕೇಶನ್ ಶೆಡ್ಡಿನಲ್ಲಿ ಕೆಲಸ. ಮೆಕ್ಕೆಜೋಳದ ಗಿರಣಿಗೆ ಸ್ಟ್ಯಾಂಡು, ಲಾರಿಗೆ ಬಾಡಿ, ಶಾಲೆಗಳಿಗೆ ನೀರಿನ ಟ್ಯಾಂಕು, ಏನು ಕೊಟ್ಟರೂ ಮಾಡುತ್ತಿದ್ದೆವು. ನಾನು ಹಾಕಿದ ಬೆಸುಗೆ ಬಿಟ್ಟುಕೊಂಡಿತು ಎಂದು ಇವತ್ತಿನವರೆಗೆ ಯಾರೂ ವಾಪಸ್ ಬಂದಿಲ್ಲ. ಇದನ್ನು ಹೇಳಿಕೊಳ್ಳಲು ನನಗೆ ನಾಚಿಕೆಯೂ ಇಲ್ಲ.

ಚೀಫ್ ಮಂಗಳೂರು ಕಡೆಯವರು, ಮನೆಯಲ್ಲಿ ಕೊಂಕಣಿ ಮಾತಾಡುವ ಕ್ರಿಶ್ಚಿಯನ್ನರು. ನೌಕಾಪಡೆಯಲ್ಲಿ ತೋಪು ನೋಡಿಕೊಳ್ಳುವ ಕೆಲಸ ಮಾಡಿ, ಚೀಫ್ ಎಂಬ ಹುದ್ದೆಯಲ್ಲಿ ರಿಟೈರಾಗಿ, ಆಮೇಲೆ ತಂಗಿಯ ಸಂಸಾರ ಇದ್ದ ನೈರೋಬಿಗೆ ಬಂದು ನಮ್ಮ ಶೆಡ್ಡಿನಲ್ಲಿ ಸ್ಟೋರ್ ನೋಡಿಕೊಳ್ಳುತ್ತಿದ್ದರು. ಸಮುದ್ರ ಇಲ್ಲಿಂದ ಒಂದು ರಾತ್ರಿಯ ಬಸ್ಸಿನ ದೂರ. ಆದರೂ ಅವರು ಶೆಡ್ಡಿನ ನೆಲಕ್ಕೆ "ಡೆಕ್" ಎಂದೇ ಹೇಳುತ್ತಿದ್ದರು. ಕುಳ್ಳಗೆ, ಕಪ್ಪಗೆ, ಗುಂಡುಕಲ್ಲಿನಂಥ ಆಳು. ನನ್ನ ಹೆಗಲಿನಷ್ಟು ಎತ್ತರ ಇದ್ದರೇನೋ. ಕೆನ್ಯಾದಲ್ಲಿ ಊರಿನ ಸರ್ಕಾರಿ ಮುಖ್ಯಸ್ಥನಿಗೂ ಚೀಫ್ ಎನ್ನುತ್ತಾರೆ. ಹಾಗಾಗಿ ಗೇಟಿನ ಹೊರಗೆ ಚಹಾ ಮಾರುವ ಹೆಂಗಸು, ನಮ್ಮೆಲ್ಲರ ಬಾಯಲ್ಲಿ ಮಾಮಾ, ಇವರಿಗೆ ಮಾತ್ರ ಎದ್ದು ನಿಂತು ಲೋಟ ಕೊಡುತ್ತಿದ್ದಳು. ಅವರು ಅದನ್ನು ತಿದ್ದಲು ಹೋಗಲಿಲ್ಲ.

ಒಂದು ದಿನ ಹಿಂದೂ ಮಹಾಸಾಗರದ ಒಂದು ಪುಟ್ಟ ದ್ವೀಪದೇಶದ ನೌಕಾಧಿಕಾರಿಯೊಬ್ಬರು ಸೇಠರನ್ನು ಹುಡುಕಿಕೊಂಡು ಬಂದರು. ದೇಶದ ಹೆಸರು ಬರೆಯುವುದಿಲ್ಲ, ಅದು ಬೇಕಾಗಿಯೂ ಇಲ್ಲ. ಇಲ್ಲಿನ ರೂಢಿಯಂತೆ ಅವರನ್ನು ನಾವು ಅಫಂಡೆ ಎಂದೆವು. ಪೊಲೀಸು, ಮಿಲಿಟರಿ ಸಾಹೇಬರನ್ನು ಕರೆಯುವುದು ಹಾಗೆಯೇ. ಆ ದೇಶದ ಬಳಿ ನಾಲ್ಕು ಸಣ್ಣ ಕಾವಲು ಬೋಟುಗಳಿದ್ದವು, ತೋಪಿಲ್ಲದ ಬೋಟುಗಳು. ಉಗ್ರಾಣದಲ್ಲಿ ನಾಲ್ಕು ಹಳೆ ತೋಪುಗಳಿದ್ದವು, ಕೂರಿಸಲು ಸ್ಟ್ಯಾಂಡಿಲ್ಲದ ತೋಪುಗಳು. ಕಡಲ್ಗಳ್ಳರು ಹೆಚ್ಚಿದ್ದ ಕಾಲ. ಅವರ ಹುಡುಗರು ಬರೀ ರೈಫಲ್ ಹಿಡಿದು ಸಮುದ್ರಕ್ಕೆ ಹೋಗುತ್ತಿದ್ದರು.

ಅಫಂಡೆಯ ಕೈಯಲ್ಲಿ ಒಂದು ವಿದೇಶಿ ಕಂಪನಿಯ ಹೊಳೆಯುವ ಪುಸ್ತಕವಿತ್ತು. ಅದರಲ್ಲಿನ ತೋಪನ್ನು ಬೋಟಿನ ಒಳಗೇ ಕೂತು, ಪರದೆ ನೋಡುತ್ತ, ಮಕ್ಕಳ ವಿಡಿಯೋ ಆಟದಂತೆ ಸಣ್ಣ ಹಿಡಿಕೆ ತಿರುಗಿಸಿ ಹೊಡೆಯಬಹುದು. ಬೋಟು ಎಷ್ಟು ಕುಲುಕಿದರೂ ಗುರಿ ಕದಲದು. ಒಳ್ಳೆಯ ಮಾಲೇ, ಇಲ್ಲವೆನ್ನುವುದಿಲ್ಲ. ಆದರೆ ಸರ್ಕಾರ ಕೊಟ್ಟ ಹಣಕ್ಕೆ ಅಂಥದ್ದು ಒಂದೇ ಒಂದು ಬರುತ್ತಿತ್ತು. ಒಂದು ಬೋಟಿಗೆ ಅದನ್ನು ಕೂರಿಸಿ ಉಳಿದ ಮೂರನ್ನು ಹಾಗೇ ಕಳಿಸುವುದು, ಇಲ್ಲವೇ ಅದೇ ಹಣದಲ್ಲಿ ನಾಲ್ಕು ಹಳೆ ತೋಪುಗಳಿಗೂ ಇಲ್ಲೇ ಎಲ್ಲಾದರೂ ಸ್ಟ್ಯಾಂಡು ಮಾಡಿಸುವುದು. ಅಫಂಡೆಗೆ ಮನಸ್ಸು ಪುಸ್ತಕದ ಮೇಲೇ ಇತ್ತು ಎಂಬುದು ಅದನ್ನು ಸವರುವ ಕೈ ನೋಡಿದರೆ ಗೊತ್ತಾಗುತ್ತಿತ್ತು.

ಚೀಫ್ ಸ್ಟೋರಿನ ಬಾಗಿಲಲ್ಲಿ ನಿಂತು ಎಲ್ಲ ಕೇಳಿಸಿಕೊಂಡರು. ಆಮೇಲೆ ನನ್ನ ಕಡೆ ತಿರುಗಿ ಕನ್ನಡದಲ್ಲಿ, "ಒಬ್ಬನಿಗೆ ಚಿನ್ನದ ಹಲ್ಲು ಕಟ್ಟಿಸಿ, ಮೂರು ಜನರನ್ನು ಬೊಚ್ಚು ಬಾಯಲ್ಲಿ ಕಳಿಸುದಾ? ಇದು ಎಂತ ನ್ಯಾಯ?" ಅಂದರು. ಅದನ್ನೇ ಇಂಗ್ಲಿಷಿನಲ್ಲಿ ಸ್ವಲ್ಪ ಮರ್ಯಾದೆ ಹಾಕಿ ಅಫಂಡೆಗೂ ಹೇಳಿದರು. ಸೇಠರು ಮೊದಲು ಒಪ್ಪಿಕೊಂಡು ಆಮೇಲೆ ಯೋಚನೆ ಮಾಡುವ ಜಾತಿ. ಆರ್ಡರು ನಮಗೆ ಬಂತು. ಆದರೆ ಷರತ್ತಿತ್ತು: ಅಫಂಡೆ ಬಂದು ನೋಡಿ ಒಪ್ಪಬೇಕು. ಒಪ್ಪದಿದ್ದರೆ ಪುಸ್ತಕದ ತೋಪು, ಒಂದೇ ಬೋಟಿಗೆ.

ಮೊದಲನೇ ಸ್ಟ್ಯಾಂಡನ್ನು ನಾನು ನನಗೆ ಗೊತ್ತಿದ್ದ ಹಾಗೆ ಮಾಡಿದೆ. ದಪ್ಪ ಪ್ಲೇಟು, ನಾಲ್ಕೂ ಕಡೆ ಆನಿಕೆ, ಆನೆ ಒದ್ದರೂ ಅಲ್ಲಾಡಬಾರದು. ಚೀಫ್ ಅದರ ಸುತ್ತ ಒಂದು ಸುತ್ತು ಬಂದರು.

"ಮೇಸ್ತ್ರಿ, ಇದರಲ್ಲಿ ಉಗಾಲಿಗೆ ಹಿಟ್ಟು ಮಾಡ್ಲಿಕ್ಕೆ ಉಂಟಾ?"

ನನ್ನ ಲೇತಿನ ಫುಂಡಿ, ಕಿಸುಮು ಕಡೆಯ ಕೆಲಸಗಾರ, ಇಲ್ಲಿನ ಮೆಕ್ಕೆಜೋಳದ ಮುದ್ದೆಯ ಹೆಸರಾದ ಉಗಾಲಿ ಎಂಬ ಒಂದೇ ಮಾತು ತಿಳಿದು ಜೋರಾಗಿ ನಕ್ಕ. ನನಗೆ ಮೈಯೆಲ್ಲ ಉರಿಯಿತು.

"ಗಟ್ಟಿಯಾಗಿರ್ಲಿ ಅಂತ ಮಾಡಿದ್ದು ಚೀಫ್. ತೋಪು ಒದೆಯಲ್ವಾ?"

"ಒದೀತದೆ. ಆದ್ರೆ ಇದು ನಿಲ್ಲುದು ನಿನ್ನ ಕಾಂಕ್ರೀಟಿನ ಮೇಲೆ ಅಲ್ಲ. ಸಣ್ಣ ಬೋಟು, ತಲೆ ಭಾರ ಆದ್ರೆ ಕುಡುಕನ ಹಾಗೆ ತೂಗ್ತದೆ. ಭಾರ ತೆಗಿ. ಗಟ್ಟಿ ಮಾಡ್ಲಿಕ್ಕೆ ಯಾರಿಗೂ ಬರ್ತದೆ. ಹಗುರ ಮಾಡು, ನೋಡುವ."

ಆ "ನೋಡುವ" ನನಗೆ ನಾಟಿತು. ಅಲ್ಲಿಂದ ನಾನು ಪ್ರತಿ ತುಂಡು ಕಬ್ಬಿಣದ ಜೊತೆ ಜಗಳಕ್ಕೆ ಬಿದ್ದೆ. ಪ್ಲೇಟಿನ ಬದಲು ಪೈಪು, ಬೇಡದ ಕಡೆ ತೂತು, ಬೇಕಾದ ಕಡೆ ಮಾತ್ರ ಆನಿಕೆ. ಪ್ರತಿ ಸಲ ತೂಕಕ್ಕೆ ಹಾಕಿದಾಗಲೂ ಚೀಫ್ "ಇನ್ನೂ ಉಂಟು, ಇನ್ನೂ ಉಂಟು" ಎನ್ನುತ್ತಿದ್ದರು. ಕೊನೆಗೆ ಬೋಟಿನ ನಕ್ಷೆಯಲ್ಲಿ ಹೇಳಿದ್ದ ಮಿತಿಗಿಂತಲೂ ಎಷ್ಟೋ ಹಗುರವಾಯಿತು.

ಪರೀಕ್ಷೆ ಮಾಡಲು ನೈರೋಬಿಯಲ್ಲಿ ಸಮುದ್ರ ಎಲ್ಲಿಂದ ತರುವುದು? ಚೀಫ್ ಹಿತ್ತಲಲ್ಲಿ ತುಕ್ಕು ಹಿಡಿಯುತ್ತಿದ್ದ ಹಳೆ ಮಟಾಟುವಿನ ಚಾಸಿಯನ್ನು ಎಳೆದು ತರಿಸಿದರು. ಸ್ಪ್ರಿಂಗುಗಳು ಇನ್ನೂ ಇದ್ದವು. ಅದರ ಮೇಲೆ ಹಲಗೆ ಬಡಿದು ಸ್ಟ್ಯಾಂಡು ಬಿಗಿದು, ತೋಪಿನ ಬದಲು ಅಷ್ಟೇ ತೂಕಕ್ಕೆ ಮರಳು ತುಂಬಿದ ಪೈಪು ಇಟ್ಟೆವು. ಪೈಪಿನ ತುದಿಗೆ ಒಂದು ಟಾರ್ಚು. ದೂರದ ಗೋಡೆಗೆ ಪೇಂಟ್ ಡಬ್ಬಿಯ ಮುಚ್ಚಳ. ಶೆಡ್ಡಿನ ಹುಡುಗರೆಲ್ಲ ಎರಡೂ ಕಡೆ ನಿಂತು, ಇಲ್ಲಿ ಕೆಸರಲ್ಲಿ ಸಿಕ್ಕ ಲಾರಿ ತಳ್ಳುವಾಗ ಕೂಗುವಂತೆ "ಹರಂಬೇ" ಎಂದು ಒಬ್ಬ, "ಹೇ" ಎಂದು ಉಳಿದವರು ಕೂಗುತ್ತ ಚಾಸಿಯನ್ನು ಕುಲುಕಿಸುತ್ತಿದ್ದರು. ಒಬ್ಬ ಸುತ್ತಿಗೆಯಿಂದ ಪೈಪಿಗೆ ಹೊಡೆಯುತ್ತಿದ್ದ, ತೋಪಿನ ಒದೆತದ ಬದಲಿಗೆ. ಚೀಫ್ ಸ್ಟ್ಯಾಂಡಿನ ಹಿಂದೆ, ತೋಪುಗಾರ ಹೆಗಲು ಕೊಟ್ಟು ತಿರುಗಿಸುವ ಎರಡು ಆನಿಕೆಗಳ ನಡುವೆ ಮೈ ತೂರಿಸಿ, ಮಂಡಿ ಬಗ್ಗಿಸಿ, ಕುಲುಕಿಗೆ ತಕ್ಕಂತೆ ಏಳುತ್ತ ಬೀಳುತ್ತ ಟಾರ್ಚಿನ ಬೆಳಕನ್ನು ಮುಚ್ಚಳದ ಮೇಲೇ ನಿಲ್ಲಿಸುತ್ತಿದ್ದರು. ಅಷ್ಟು ವಯಸ್ಸಿನಲ್ಲಿ. ಬೇರೆ ಯಾರನ್ನೂ ಅಲ್ಲಿ ನಿಲ್ಲಗೊಡುತ್ತಿರಲಿಲ್ಲ.

ಹೆಗಲಿಗೆ ಮೆತ್ತೆ ಬೇಕಿತ್ತು. ಇಬ್ಬರೂ ಪಂಗಾನಿಯ ಒಂದು ಅಂಗಡಿಗೆ ಹೋದೆವು, ಮಟಾಟುಗಳಿಗೆ ಸೀಟು ಹೊಲಿದುಕೊಡುವ ಅಂಗಡಿ. ದಿನವಿಡೀ ಜನ ಕೂತು ಎದ್ದು ಉಜ್ಜಿದರೂ ತಡೆಯುವ ಕೆಂಪು ರೆಕ್ಸಿನ್ನನ್ನು ಚೀಫ್ ಮೂಸಿ, ಎಳೆದು, ಉಗುರಿನಿಂದ ಕೆರೆದು ಆರಿಸಿದರು. ಅಂಗಡಿಯವನು "ಯಾವ ರೂಟಿನ ಗಾಡಿ?" ಎಂದು ಕೇಳಿದ. ಚೀಫ್ ಗಂಭೀರವಾಗಿ, "ಸಮುದ್ರಕ್ಕೆ ಹೋಗುವ ಮಟಾಟು" ಅಂದರು. ಅವನು ನಕ್ಕ. ಇವರು ನಗಲಿಲ್ಲ.

ವಾಪಸ್ ಬರುವಾಗ, ಜಾಮಿನಲ್ಲಿ ನಿಂತ ಗಾಡಿಯಲ್ಲಿ, ಒಮ್ಮೆ ಮಾತ್ರ ಹೇಳಿದ್ದರು. ರಿಟೈರಾದ ಮೇಲೆ ಕೊಲ್ಲಿ ದೇಶದ ಕಡೆ ಯಾರದೋ ಖಾಸಗಿ ಕಾವಲು ಬೋಟಿನಲ್ಲಿ ಸ್ವಲ್ಪ ಕಾಲ ಇದ್ದರಂತೆ. ಮಾಲೀಕ ತೋಪಿನ ಜಾಗದಲ್ಲಿ ಬಣ್ಣ ಹೊಡೆದ ಕೊಳವೆ ನಿಲ್ಲಿಸಿ, ಮೇಲೆ ಕ್ಯಾನ್ವಾಸ್ ಹೊದಿಸಿದ್ದನಂತೆ. "ಎದುರಿನವರಿಗೆ ಗೊತ್ತಾಯ್ತು ಮಾರಾಯ. ಅವರು ಮೊದಲು ನಕ್ಕರು. ಆಮೇಲೆ ಹೊಡೆದರು. ನನ್ನ ಪಕ್ಕದಲ್ಲಿ ನಿಂತಿದ್ದವ..." ಅಷ್ಟಕ್ಕೆ ನಿಲ್ಲಿಸಿ ಕಿಟಕಿಯ ಹೊರಗೆ ನೋಡಿದರು.

ಅಫಂಡೆ ಒಂದು ಶನಿವಾರ ಬೆಳಿಗ್ಗೆ ಬಂದರು. ನಾಲ್ಕೂ ಸ್ಟ್ಯಾಂಡುಗಳು ಬೂದು ಬಣ್ಣ ಬಳಿದುಕೊಂಡು ಸಾಲಾಗಿ ನಿಂತಿದ್ದವು. ಮೊಂಬಾಸಾ ಬಂದರಿಗೆ ಒಯ್ಯಲು ಲಾರಿಯೂ ಗೇಟಿನಲ್ಲಿತ್ತು. ಅಫಂಡೆಯ ಜೊತೆ ಅವರ ತೋಪುಗಾರ ಬಂದಿದ್ದ. ಆ ಯುವಕ ಶೆಡ್ಡಿನ ಬಾಗಿಲಲ್ಲಿ ತಲೆ ತಗ್ಗಿಸಿ ಒಳಗೆ ಬಂದ. ಲೈಟು ಕಂಬದಂಥ ಆಳು. ಅವನು ಹೋಗಿ ಸ್ಟ್ಯಾಂಡಿನ ಹಿಂದೆ ನಿಂತ. ಹೆಗಲಿಗೆ ಬರಬೇಕಾದ ಮೆತ್ತೆ ಅವನ ಹೊಟ್ಟೆಯ ಹತ್ತಿರ ಬಂತು. ಅಳತೆಯೆಲ್ಲ ಚೀಫ್ ಹೆಗಲಿನದು. ಅಷ್ಟು ದಿನ ಅವರೊಬ್ಬರೇ ನಿಂತು ನೋಡಿದ್ದು. ನಮ್ಮಲ್ಲಿ ಯಾರಿಗೂ ಹೊಳೆದಿರಲಿಲ್ಲ.

ಲೇತಿನ ಫುಂಡಿ ಮೆಲ್ಲಗೆ, "ಚೀಫ್, ನೇವಿಯಲ್ಲಿ ಇರುವವರೆಲ್ಲ ನಿಮ್ಮ ತಮ್ಮಂದಿರಲ್ಲ" ಎಂದ. ಯಾರೂ ನಗಲಿಲ್ಲ.

ಅಫಂಡೆ ಕೈಗಡಿಯಾರ ನೋಡಿಕೊಂಡು, ಬೇಸರದಿಂದಲೇ ಹೇಳಿದರು. "ಸಂಜೆಗೆ ನನ್ನ ವಿಮಾನ. ನಾನು ಹೋಗಿ ಪುಸ್ತಕದ ತೋಪನ್ನೇ ಒಂದು ಬೋಟಿಗೆ ಬರೆದುಕೊಡುತ್ತೇನೆ. ಉಳಿದವರು ಮುಂಚಿನ ಹಾಗೆಯೇ ಹೋಗಲಿ."

ಚೀಫ್ ಹೋಗಿ ಅವರ ಎದುರು ನಿಂತರು. ಕತ್ತೆತ್ತಿ ನೋಡಬೇಕಾಗಿತ್ತು, ನೋಡಿದರು. "ಸಂಜೆಗಲ್ಲವಾ? ಇನ್ನೂ ಬೆಳಿಗ್ಗೆ ಉಂಟು. ಚಹಾ ಕುಡೀರಿ ಸರ್." ಅದನ್ನು ಇಂಗ್ಲಿಷಿನಲ್ಲಿ ಹೇಳಿದರೋ ಕನ್ನಡದಲ್ಲೋ... ನನಗೆ ನೆನಪಿರುವುದು ಕನ್ನಡದಲ್ಲೇ. ಆಮೇಲೆ ನನ್ನನ್ನು ಕರೆದರು.

"ಮೇಸ್ತ್ರಿ, ಒಂದೂವರೆ ಗೇಣು ಎತ್ತರಿಸಬೇಕು. ಭಾರ ಎಷ್ಟು ಏರ್ತದೆ?"

"ಏರ್ಲಿ ಬಿಡಿ ಚೀಫ್. ನೀವು ಜೀವ ತಿಂದು ತಿಂದು ಇಳಿಸಿದ್ರಲ್ಲ, ಅದರಲ್ಲಿ ಇನ್ನೂ ಜಾಗ ಇದೆ."

ಅವರು ನನ್ನ ಹೆಗಲು ಒಮ್ಮೆ ಹಿಸುಕಿದರು. ಅಷ್ಟೇ. ಶನಿವಾರ ಅರ್ಧ ದಿನ, ಮಧ್ಯಾಹ್ನಕ್ಕೆ ಹುಡುಗರು ಮನೆಗೆ ಹೋಗಬೇಕಿತ್ತು. ಒಬ್ಬನೂ ಬಟ್ಟೆ ಬದಲಾಯಿಸಲಿಲ್ಲ. ಫುಂಡಿ ಅದೇ ಅಳತೆಯ ಪೈಪು ಕತ್ತರಿಸಿ ಲೇತಿನಲ್ಲಿ ಅಂಚು ಸವರಿಕೊಟ್ಟ ಹಾಗೆ ನಾನು ಬೆಸೆದೆ, ನನ್ನ ಹಿಂದೆಯೇ ಒಬ್ಬ ಬಣ್ಣ ಬಳಿದ. ಸೇಠರು ಕೂಡ ತೋಳು ಮಡಿಸಿ ಕೇಬಲ್ ಎಳೆದರು. ಮೊದಲನೆಯದು ಮುಗಿದ ತಕ್ಷಣ, ಬಿಸಿ ಆರುವುದನ್ನೂ ಕಾಯದೆ, ಚೀಫ್ ಅದನ್ನು ಚಾಸಿಯ ಮೇಲೆ ಹತ್ತಿಸಿದರು.

ಈ ಸಲ ಹಿಂದೆ ನಿಂತದ್ದು ಆ ಉದ್ದನೆಯ ತೋಪುಗಾರ. ಹರಂಬೇ, ಹೇ. ಚಾಸಿ ಎದ್ದಿತು, ಬಿದ್ದಿತು. ಟಾರ್ಚಿನ ಬೆಳಕು ಮೊದಲು ಗೋಡೆಯೆಲ್ಲ ಅಲೆಯಿತು. "ಕೈಯಲ್ಲಿ ಅಲ್ಲ, ಮಂಡಿಯಲ್ಲಿ" ಎಂದು ಚೀಫ್ ಕೆಳಗಿನಿಂದ ಕೂಗಿದರು. ಅವನು ಮಂಡಿ ಸಡಿಲಿಸಿದ. ಬೆಳಕು ಮುಚ್ಚಳದ ಹತ್ತಿರ ಬಂತು, ಸುತ್ತಿತು, ಕೂತಿತು. ಸುತ್ತಿಗೆ ಬಿದ್ದಾಗಲೂ ಕದಲಿ ಮತ್ತೆ ಬಂದು ಅಲ್ಲೇ ಕೂತಿತು.

ಆಮೇಲೆ ಚೀಫ್ ಗೇಟಿನ ಮಾಮಾಳಿಂದ ಖಾಲಿ ಸೋಡಾ ಕ್ರೇಟ್ ತರಿಸಿ, ಹಲಗೆಯ ಮೇಲೆ ಬೋರಲು ಹಾಕಿ, ಅದರ ಮೇಲೆ ತಾವು ಹತ್ತಿ ನಿಂತು ಅದನ್ನೇ ಮಾಡಿ ತೋರಿಸಿದರು. ಇಳಿದು, ಉಸಿರು ಹಿಡಿದುಕೊಳ್ಳುತ್ತ, "ಉದ್ದದವನಿಗೆ ಅಳತೆ ಮಾಡುದು. ಗಿಡ್ಡದವ ಹತ್ತಿ ನಿಲ್ಲುದು. ಇಷ್ಟೇ ವಿಷಯ" ಅಂದರು.

ಅಫಂಡೆ ತಮ್ಮ ತೋಪುಗಾರನನ್ನು ಕೇಳಿದರು. "ಇದನ್ನಿಟ್ಟುಕೊಂಡು ಹೊರಗೆ ಹೋಗುತ್ತೀಯಾ?"

ಅವನು ಮೆತ್ತೆಯ ಮೇಲೆ ಕೈಯಾಡಿಸಿ, "ಹೋಗುತ್ತೇನೆ ಅಫಂಡೆ. ನಮ್ಮೂರ ಬಸ್ಸಿನ ವಾಸನೆ ಬರುತ್ತದೆ" ಎಂದ. ಅಫಂಡೆ ಮೊದಲ ಸಲ ನಕ್ಕರು. ಬಿಸಿಲು ಇಳಿಯುವ ಮುಂಚೆ ನಾಲ್ಕೂ ಸ್ಟ್ಯಾಂಡುಗಳು ಎತ್ತರವಾಗಿ ಲಾರಿ ಹತ್ತಿದವು. ಹೊಳೆಯುವ ಪುಸ್ತಕ ನಮ್ಮ ಬೆಂಚಿನ ಮೇಲೇ ಉಳಿಯಿತು. ಮರೆತು ಹೋದರೋ, ಬಿಟ್ಟು ಹೋದರೋ ತಿಳಿಯದು. ಮಾಮಾ ಅದರ ಹಾಳೆಗಳಲ್ಲಿ ತಿಂಗಳುಗಟ್ಟಲೆ ಎಣ್ಣೆಯಲ್ಲಿ ಕರಿದ ಮಂದಾಜಿ ಕಟ್ಟಿಕೊಟ್ಟಳು.

ಆಮೇಲೆ ಎಷ್ಟೋ ಕಾಲ ಸುದ್ದಿಯಿಲ್ಲ. ಕಡಲ್ಗಳ್ಳರ ವಿಷಯ ರೇಡಿಯೋದಲ್ಲಿ ಬಂದಾಗಲೆಲ್ಲ ಚೀಫ್ ಕೆಲಸ ನಿಲ್ಲಿಸಿ ಕಿವಿ ಕೊಡುತ್ತಿದ್ದರು. ಒಂದೆರಡು ವರ್ಷ ಕಳೆದ ಮೇಲೆ ಒಂದು ಪೆಟ್ಟಿಗೆ ಬಂತು. ಒಳಗೆ ಹೆಗಲಿನ ಮೆತ್ತೆಗಳು, ನಾಲ್ಕು ಜೊತೆಯೂ. ರೆಕ್ಸಿನ್ ಹರಿದು ಉಪ್ಪು ಹಿಡಿದು ಬಿಳಿಚಿತ್ತು. ಇವನ್ನು ಮಾತ್ರ ಹೊಸದಾಗಿ ಹೊಲಿಸಿಕೊಡಿ, ಬೇರೆ ಎಲ್ಲ ಸರಿಯಿದೆ ಎಂದು ಅಫಂಡೆ ಸೇಠರಿಗೆ ಫೋನಿನಲ್ಲಿ ಹೇಳಿದ್ದರಂತೆ. ನಾಲ್ಕೂ ಬೋಟುಗಳು ಹೋಗುತ್ತವೆ, ಬರುತ್ತವೆ. ಹುಡುಗರೂ ಜೀವಂತ ಮರಳಿ ಬರುತ್ತಾರಂತೆ.

ಆಗ ಚೀಫ್ ಅಪ್ಪರ್ ಹಿಲ್‌ನ ಒಂದು ಆಸ್ಪತ್ರೆಯಲ್ಲಿದ್ದರು. ಶ್ವಾಸಕೋಶದ ತೊಂದರೆ. ನಾನು ಒಂದು ಹರಿದ ಮೆತ್ತೆಯನ್ನು ಅಂಗಿಯೊಳಗೆ ಇಟ್ಟುಕೊಂಡು ಒಯ್ದೆ. ಅವರು ಮೂಗಿನ ನಳಿಕೆಯನ್ನು ಪಕ್ಕಕ್ಕೆ ಸರಿಸಿ ಅದನ್ನು ಮೂಸಿದರು. ನರ್ಸ್ ಬೈದಳು. ಇವರು ಲಕ್ಷ್ಯ ಕೊಡಲಿಲ್ಲ.

"ಉಪ್ಪು" ಅಂದರು. ಇನ್ನೊಮ್ಮೆ ಮೂಸಿ, "ನಾಲ್ಕೂ ಉಂಟಲ್ಲ?"

"ನಾಲ್ಕೂ ಇದೆ ಚೀಫ್."

"ಯಾರೂ ನಗಲಿಕ್ಕಿಲ್ಲ ಇನ್ನು. ಅದೇ ಅಂಗಡಿಯಿಂದ ತಾ, ಆಯ್ತಾ? ಅದೇ ರೆಕ್ಸಿನ್. ಕಡಿಮೆದು ತರಬೇಡ."

ಹೊಸ ಮೆತ್ತೆ ಹೊಲಿದು ಬರುವ ಮುಂಚೆಯೇ ಅವರು ಹೋದರು. ಮಣ್ಣು ಮಾಡಿ ಬಂದ ಮಾರನೇ ದಿನ ನಾನು ಒಬ್ಬನೇ ಪಂಗಾನಿಯ ಅಂಗಡಿಗೆ ಹೋದೆ. ಅದೇ ಮನುಷ್ಯ. "ಯಾವ ರೂಟಿನ ಗಾಡಿ?" ಅಂದ. ಸಮುದ್ರಕ್ಕೆ ಹೋಗುವುದು ಅಂದೆ. ಅವನು ನಗಲು ಹೊರಟವನು ನನ್ನ ಮುಖ ನೋಡಿ ಸುಮ್ಮನೆ ಕತ್ತರಿ ತೆಗೆದುಕೊಂಡ.

ಈಗ ಆ ಅಂಗಡಿಯಿಲ್ಲ. ಸೇಠರೂ ಇಲ್ಲ, ಅವರ ಮಗ ಶೆಡ್ಡನ್ನು ಗೋದಾಮು ಮಾಡಿದ್ದಾನೆ. ಆ ಬೋಟುಗಳೂ ಇಷ್ಟು ಹೊತ್ತಿಗೆ ಗುಜರಿಗೆ ಹೋಗಿರಬಹುದು, ಆ ದೇಶವೂ ಪರದೆ ನೋಡಿ ಹೊಡೆಯುವ ತೋಪುಗಳನ್ನೇ ಕೊಂಡಿರಬಹುದು. ಕೊಳ್ಳಲಿ, ದುಡ್ಡು ಬಂದಿದ್ದರೆ ಒಳ್ಳೆಯದೇ. ದುಡ್ಡು ಇಲ್ಲದ ಕಾಲದಲ್ಲಿ ನಾಲ್ಕು ಬೋಟಿನ ಹುಡುಗರು ಏನು ಆನಿಸಿಕೊಂಡು ನಿಂತಿದ್ದರು ಎಂಬುದು ನನಗೆ ಗೊತ್ತು. ಅದನ್ನು ಯಾರೂ ಬಂದು ನನ್ನಿಂದ ಕಿತ್ತುಕೊಳ್ಳಲಾರರು. ಆದರೆ ಗೊತ್ತಿದ್ದ ಇನ್ನೊಬ್ಬರು ಇಲ್ಲ. ಕನ್ನಡದಲ್ಲಿ ಬೈದು ಕೆಲಸ ತೆಗೆಯುವವರು ಈ ಊರಿನಲ್ಲಿ ನನಗೆ ಆಮೇಲೆ ಸಿಗಲೂ ಇಲ್ಲ...

ಗಾಡಿ ಹೊರಡುವಾಗ ಕಂಡಕ್ಟರ್ ಹುಡುಗ ಒಳಗೆ ಬಗ್ಗಿ ನೋಡಿ, ಹಿರಿಯನೆಂದು ಮರ್ಯಾದೆ ಕೊಟ್ಟು ಕ್ಷಮೆ ಕೇಳಿದ. "ಪೋಲೆ ಮ್ಝೇ, ಅದು ಹರಿದ ಸೀಟು. ಹಿಂದೆ ಒಳ್ಳೆಯದು ಖಾಲಿಯಾಗಿದೆ, ಅಲ್ಲಿಗೆ ಬನ್ನಿ."

ಬೇಡ ಅಂದೆ. ರಸ್ತೆಯ ಗುಂಡಿಗೆ ಗಾಡಿ ಎದ್ದಿತು, ಬಿದ್ದಿತು. ನಾನು ಹೆಗಲನ್ನು ಗಟ್ಟಿಯಾಗಿ ಆನಿಸಿ, ಮಂಡಿ ಸಡಿಲ ಬಿಟ್ಟೆ.