ಪೂಜೆಗೆ ಕೂತ ಶಾಫ್ಟು

ಆ ಜೀಪನ್ನು ನಾನು ಸವತಿ ಎಂದೇ ಕರೆಯುತ್ತಿದ್ದೆ. ನಾನು ಮದುವೆಯಾಗಿ ಬೆಳಗಾವಿಯ ಸದಾಶಿವನಗರದ ಈ ಮನೆಗೆ ಬರುವ ಮೊದಲೇ ಅದು ಅಂಗಳದಲ್ಲಿ ಠಿಕಾಣಿ ಹೂಡಿತ್ತು. ಮಳೆಗಾಲದಲ್ಲಿ ನನ್ನ ಸೀರೆ ಒಣಗಿಸಲು ಜಾಗ ಇರುತ್ತಿರಲಿಲ್ಲ, ಅದರ ತಾಡಪತ್ರಿಗೆ ಮಾತ್ರ ಹಗ್ಗ ಕಟ್ಟಿಯೇ ಇರುತ್ತಿತ್ತು. ಸವತಿ ಎಂದಾಗಲೆಲ್ಲ ನನ್ನ ಗಂಡನಿಗೆ ನಗು ಬರುತ್ತಿತ್ತು. "ಏನರ ಅನ್ನು, ನಿನ್ನಂಗ ಆಕಿ ತಿರುಗಿ ಮಾತಾಡಂಗಿಲ್ಲ" ಎನ್ನುತ್ತಿದ್ದರು.

ಅದರ ವಂಶಾವಳಿಯನ್ನು ಬೇಡವೆಂದರೂ ಕಲಿತೆ. ಊಟಕ್ಕೆ ಬಂದ ಬೀಗರು ಕೈ ತೊಳೆಯುವುದರೊಳಗೆ ಇವರು ಶುರು ಮಾಡುತ್ತಿದ್ದರು. ಸಮುದ್ರದಾಚೆ ಯುದ್ಧಕ್ಕೆಂದು ಹುಟ್ಟಿದ ಗಾಡಿ. ಯುದ್ಧ ಮುಗಿದ ಮೇಲೆ ಹೊಲಕ್ಕೆ ಇಳಿಯಿತು. ನಮ್ಮ ದೇಶಕ್ಕೆ ಬಿಡಿಬಿಡಿಯಾಗಿ ಬಂದು ಮುಂಬಯಿಯಲ್ಲಿ ಜೋಡಣೆಯಾಯಿತು. ಆಮೇಲೆ ಪೂರ್ತಿ ಇಲ್ಲಿಯದೇ ಆಯಿತು, ಪೆಟ್ರೋಲು ಹೋಗಿ ಡೀಸೆಲ್ ಬಂತು. ನಮ್ಮ ಕಡೆ ಫೌಜದಾರ ಬಂದರೂ ಅದರಲ್ಲೇ, ಫಾರೆಸ್ಟಿನವರು ಬಂದರೂ ಅದರಲ್ಲೇ, ಓಟು ಕೇಳುವ ಪುಢಾರಿ ಬಂದರೂ ಅದರಲ್ಲೇ. ನಮ್ಮದನ್ನು ತೀರಿಹೋದ ನನ್ನ ಮಾವನವರು ಕ್ಯಾಂಪಿನ ಮಿಲಿಟರಿ ಹರಾಜಿನಲ್ಲಿ ಹಿಡಿದಿದ್ದರಂತೆ. ಈಗ ಅದೇ ವಂಶದ ಹೊಸ ಗಾಡಿಗಳು ಬಂದಿವೆ. ಒಳಗೆ ಎಸಿ, ಹಾಡಿಗೆ ಟಿವಿಯಂಥ ಪರದೆ. ಅವುಗಳನ್ನು ಕಂಡರೆ ಇವರಿಗೆ ಮೈಯೆಲ್ಲ ಉರಿ. "ಜೀಪಿಗಿ ಎಸಿ ಹಾಕೂದಂದ್ರ ಎಮ್ಮಿಗಿ ಪೌಡರ್ ಹಚ್ಚಿದಂಗ" ಎಂದು ರವಿವಾರಪೇಟೆಯ ತಮ್ಮ ಅಂಗಡಿಯಲ್ಲಿ ಗಿರಾಕಿಗಳ ಮುಂದೆಯೇ ಹೇಳುವರು.

ಒಡೆತನದ ಸುಖ ಕೇಳಬೇಡಿ. ಬೇಸಿಗೆಯಲ್ಲಿ ಒಳಗೆ ಕೂತರೆ ಹಂಚಿನ ಮೇಲೆ ಕೂತ ಹಾಗೆ. ಮಳೆಯಲ್ಲಿ ಹೊರಗಿಗಿಂತ ಒಳಗೇ ಹೆಚ್ಚು ನೀರು. ಅಂಗಳದ ಫರ್ಶಿಯ ಮೇಲೆ ಆಯಿಲ್ಲಿನ ಕಲೆ, ಎಷ್ಟು ತಿಕ್ಕಿದರೂ ಹೋಗದು. ಆದರೂ ಖರೇ ಹೇಳಬೇಕೆಂದರೆ ಅದನ್ನು ಓಡಿಸಲು ಕಲಿತ ದಿನ ನನಗೂ ಎರಡು ಕೋಡು ಮೂಡಿದ್ದವು. ಕೋಟೆಯ ಬಾಜುವಿನ ಬಯಲಿನಲ್ಲಿ ಇವರೇ ಕಲಿಸಿದರು. ದೊಡ್ಡ ಗೇರಿನ ಪಕ್ಕ ಒಂದು ಸಣ್ಣ ಗೇರು. ನನ್ನನ್ನು ಕೆಳಗೆ ಬಗ್ಗಿಸಿ ತೋರಿಸಿದ್ದರು: ನಡುವಿನಿಂದ ಹಿಂದಿನ ಗಾಲಿಗಳಿಗೆ ಒಂದು ಕಬ್ಬಿಣದ ಶಾಫ್ಟು, ಮುಂದಿನ ಗಾಲಿಗಳಿಗೆ ಇನ್ನೊಂದು. "ಎಲ್ಲೆರ ಸಿಕ್ಕೊಂಡಿ ಅಂದ್ರ ಈ ಸಣ್ಣ ಗೇರ ಜಗ್ಗು. ನಾಕೂ ಗಾಲಿ ಎಳೀತಾವು. ದೇವರನ್ನ ನೆನಸೂದು ಆಮ್ಯಾಲ." ನಾನು ಕನ್ನಡ ಸಾಲೆಯ ಮಾಸ್ತರಿಣಿ, ಯಾರ ಮಾತನ್ನೂ ಪರೀಕ್ಷೆ ಮಾಡದೆ ನಂಬುವವಳಲ್ಲ. ಇದನ್ನು ಮಾತ್ರ ನಂಬಿದೆ.

ಇವರು ಹೇಳದೆ ಬಿಟ್ಟ ಸಂಗತಿ ಒಂದಿತ್ತು. ನನಗೆ ತಿಳಿದದ್ದು ಕೆಸರಿನಲ್ಲಿ. ನಿಮಗೆ ಈಗಲೇ ಹೇಳಿಬಿಡುತ್ತೇನೆ. ಬೆಳಗಾವಿಯ ಹಳೆಯ ಜೀಪಿನವರು ಊರೊಳಗೆ ಓಡಿಸುವಾಗ ಮುಂದಿನ ಶಾಫ್ಟನ್ನು ಬಿಚ್ಚಿ ಇಟ್ಟುಬಿಡುತ್ತಾರೆ. ಸುಮ್ಮನೆ ತಿರುಗುತ್ತ ಡೀಸೆಲ್ ಕುಡಿಯುತ್ತದೆ ಎಂದು. ಕಾಡಿನ ಕಡೆ ಹೋಗುವ ಮುನ್ನ ಮತ್ತೆ ಜೋಡಿಸುತ್ತಾರೆ. ಇವರೂ ಹಾಗೇ ಮಾಡುತ್ತಿದ್ದರು. ಬೆಳಿಗ್ಗೆ ಅಂಗಳದಲ್ಲಿ ಬೋಲ್ಟು ಬಿಚ್ಚುವ ಪಾನಾಗಳ ಸಪ್ಪಳ ಕೇಳಿದರೆ, ಸವತಿಯ ಸೇವೆ ನಡೆದಿದೆ ಎಂದುಕೊಂಡು ನಾನು ಒಗ್ಗರಣೆ ಹಾಕುತ್ತಿದ್ದೆ.

ಗೋವಾ ಹಾದಿಯ ಕಾಡಿನಲ್ಲಿ, ಕಣಕುಂಬಿಯ ಹತ್ತಿರ ನಮ್ಮದೊಂದು ಗೋಡಂಬಿ ತೋಟವಿದೆ. ಹೋದ ವರ್ಷದ ದಸರೆಯಲ್ಲಿ, ನವಮಿಯ ದಿನ, ಮನೆಯಲ್ಲಿ ಎಂದಿನಂತೆ ಖಂಡೇಪೂಜೆ. ನಮ್ಮ ಮನೆಯಲ್ಲಿ ಆ ಪೂಜೆಗೆ ಕಬ್ಬಿಣ ಎಂಬುದೆಲ್ಲ ಬರಬೇಕು. ಈಳಿಗೆ, ಕುಡಗೋಲು, ಅಂಗಡಿಯ ಇಕ್ಕಳ, ಸುತ್ತಿಗೆ, ನನ್ನ ಹೊಲಿಗೆ ಯಂತ್ರದ ಕತ್ತರಿ. ದೇವರ ಮುಂದೆ ಕೂತ ಕಬ್ಬಿಣವನ್ನು ದಶಮಿಯ ಸಂಜೆ ಬನ್ನಿ ಮುಡಿಯುವ ತನಕ ಯಾರೂ ಎತ್ತಬಾರದು. ಇದು ಅತ್ತೆಯವರ ಕಾನೂನು. ಅವರೇ ಆ ವರ್ಷ ಅಂಗಳದ ಮೂಲೆಯಲ್ಲಿದ್ದ ಉದ್ದನೆಯ ಕಬ್ಬಿಣವೊಂದನ್ನು ಇವರ ಕೈಯಿಂದ ಒಳಗೆ ತರಿಸಿದರು. "ಅದೂ ದುಡಿಯೂ ವಸ್ತು. ಹೊರಗ ಯಾಕ ಇರಬೇಕು?" ನಾನು ಅದನ್ನು ಒರೆಸಿ ಮೂರು ಬೆರಳಿನಿಂದ ವಿಭೂತಿ ಎಳೆದು, ಮೇಲೊಂದು ಚೆಂಡುಹೂವು ಇಟ್ಟೆ. "ಇದೇನ್ರಿ, ಒನಕಿಯಂಗ ಐತಿ?" ಎಂದು ಕೇಳಿದರೆ, "ನಿನ್ನ ಸವತೀ ದಾಗೀನಾ" ಎಂದು ನಕ್ಕರು. ಅಟ್ಟದ ಮೇಲೆ ಜೀಪಿನ ಅರ್ಧ ಸಂಸಾರವೇ ಇದೆ. ಇದೂ ಅಂಥದೇ ಹಳೆಯ ಸಾಮಾನು ಅಂದುಕೊಂಡೆ.

ದಶಮಿಯ ಬೆಳಿಗ್ಗೆ ತೋಟದ ಪಂಪಿಗೂ ಒಂದು ಕಾಯಿ ಒಡೆದು ಬರೋಣ ಎಂದು ಇವರೇ ಹೊರಡಿಸಿದರು. ಮಳೆ ಹಿಂದೆಗೆದಿತ್ತು, ಆಗಸ ತೊಳೆದಿಟ್ಟ ಹಾಗಿತ್ತು. ಆದರೆ ಜಾಂಬೋಟಿ ದಾಟುತ್ತಿದ್ದಂತೆ ರಸ್ತೆಯ ಮೇಲೆ ನೀರು ಕಂಡಿತು; ಆ ಕಡೆ ರಾತ್ರಿ ಜೋರು ಹೊಡೆದಿತ್ತು. ಡಾಂಬರು ಬಿಟ್ಟು ತೋಟಕ್ಕೆ ಹೋಗಲು ಎರಡು ಹಾದಿ. ಹಳ್ಳ ಇಳಿದು ಹತ್ತುವುದು ಹತ್ತಿರದ್ದು. ಮೋರಿಯ ಮೇಲಿನಿಂದ ಹೋಗುವುದು ಬಹಳ ಸುತ್ತು. ಇವರು ಸುತ್ತಿನ ಹಾದಿ ಹಿಡಿದರು. "ಯಾಕ್ರಿ?" ಎಂದೆ. "ಗಾಳಿ ಚೊಲೋ ಐತಿ, ಹಿಂಗ ಹೋಗೂಣು" ಎಂದರು.

ಪಂಪಿಗೆ ಹಾರ ಹಾಕಿ, ಕಾಯಿ ಒಡೆದು, ಗೋಡಂಬಿ ಮರದ ಕೆಳಗೆ ಕೂತು ಚಹಾ ಕುಡಿಯುತ್ತಿದ್ದೆವು. ಇವರ ಬಾಯಿಯ ಬಲಗಡೆಯಿಂದ ಚಹಾ ಅಂಗಿಯ ಮೇಲೆ ಇಳಿಯಿತು. "ಏನ್ರಿ, ಸಣ್ಣ ಹುಡುಗರಂಗ" ಎಂದು ಬೈದೆ. ಇವರು ಏನೋ ಹೇಳಲು ಹೋದರು. ಮಾತು ಬರಲಿಲ್ಲ. ಚಹಾದ ಕಪ್ಪು ಬಲಗೈಯಿಂದ ಜಾರಿ ಬಿತ್ತು, ಹಿಂದೆಯೇ ಇವರು ಅದೇ ಮಗ್ಗುಲಿಗೆ ವಾಲಿದರು.

ಲಕ್ವಾ ಎಂದು ನನಗೆ ತಕ್ಷಣ ತಿಳಿಯಿತು. ನಮ್ಮ ಹೆಡ್‌ಮಾಸ್ತರರಿಗೆ ಸಾಲೆಯಲ್ಲೇ ಆದದ್ದನ್ನು ಕಂಡಿದ್ದೆ. ಎಷ್ಟು ಬೇಗ ದವಾಖಾನೆ ಮುಟ್ಟುತ್ತೇವೋ ಅಷ್ಟು ಉಳಿಯುತ್ತದೆ ಎಂದು ಡಾಕ್ಟರು ಆಗ ಹೇಳಿದ್ದರು. ಮೊಬೈಲು ಎತ್ತಿದರೆ ರೇಂಜಿಲ್ಲ. ಕೂಗಿದರೆ ಹಕ್ಕಿಗಳು ಮಾತ್ರ ಹಾರಿದವು. ಇವರನ್ನು ತಬ್ಬಿ ಎಬ್ಬಿಸಿ, ಎಡಗಾಲಿನ ಮೇಲೆ ಎಳೆದೆಳೆದು ತಂದು ಜೀಪಿನ ಎಡಗಡೆಯ ಸೀಟಿನಲ್ಲಿ ಕೂರಿಸಿದೆ. ಬೀಳಬಾರದೆಂದು ತಾಡಪತ್ರಿಯ ಹಗ್ಗದಿಂದ ಸೀಟಿಗೆ ಕಟ್ಟಿದೆ. ಗಂಡನನ್ನು ಮೂಟೆಯ ಹಾಗೆ ಬಿಗಿದು, ಎಂಜಿನ್ ಶುರು ಮಾಡಿದೆ.

ಹಾದಿ ಕವಲೊಡೆಯುವಲ್ಲಿಗೆ ಬಂದೆವು. ಎಡಕ್ಕೆ ಮೋರಿ, ಬಲಕ್ಕೆ ಹಳ್ಳ. ನನಗೆ ಯೋಚನೆಯೇ ಬೇಕಿರಲಿಲ್ಲ. ಸಣ್ಣ ಗೇರಿದೆ, ನಾಲ್ಕು ಗಾಲಿಯಿವೆ, ಹತ್ತಿರದ ಹಾದಿಯೇ ಸೈ. ಬಲಕ್ಕೆ ತಿರುಗಿಸಿದೆ. ಇವರು ಎಡಗೈ ಎತ್ತಿ ಎಡಕ್ಕೆ ಚಾಚಿ ಅಲ್ಲಾಡಿಸಿದರು. ನೀರಿನ ಬಾಟಲಿ ಆ ಕಡೆಯೇ ಇತ್ತು. "ತಡೀರಿ, ದವಾಖಾನ್ಯಾಗ ಕುಡೀರಂತ" ಎಂದೆ. ಮತ್ತೆ ಅದೇ ಕೈಯನ್ನು ಎದೆಯ ಮೇಲಿನಿಂದ ತಂದು ಸಣ್ಣ ಗೇರನ್ನು ಹಿಡಿದರು. ಗಂಟಲಿನಿಂದ ಒಂದು ಸದ್ದು ಬಂತು, ಊಂ, ಊಂ ಎಂದು. ಹಾಕು ಎನ್ನುತ್ತಿದ್ದಾರೆ ಅಂದುಕೊಂಡೆ. "ಹೂಂ, ಹಾಕ್ತೀನ್ರಿ" ಎಂದು ಅವರ ಬೆರಳು ಬಿಡಿಸಿ, ಗೇರು ಜಗ್ಗಿ, ಹಳ್ಳಕ್ಕೆ ಇಳಿಸಿದೆ.

ನೀರು ಹೆಚ್ಚಿರಲಿಲ್ಲ. ಆಚೆಯ ದಂಡೆ ಹತ್ತುವಲ್ಲಿ ಕೆಂಪು ಕೆಸರು. ಹಿಂದಿನ ಗಾಲಿಗಳು ತಿರುಗಿದವು, ಗಾಡಿ ಏಳಲಿಲ್ಲ. ಇನ್ನಷ್ಟು ಎಕ್ಸಲರೇಟರ್ ತುಳಿದೆ, ಇನ್ನಷ್ಟು ಹೂತಿತು. ಗೇರು ತೆಗೆದು ಹಾಕಿದೆ, ಮತ್ತೆ ತುಳಿದೆ. ಇವರು ಎಡಗೈಯಿಂದ ಮುಂದಿನ ತಗಡನ್ನು ಧಡಧಡ ಬಡಿಯತೊಡಗಿದರು. ಕಣ್ಣು ನನ್ನ ಮೇಲೆ, ಬಾಯಿ ಒಂದೇ ಸವನೆ ಊಂ, ಊಂ. "ಸುಮ್ಕಿರ್ರಿ! ನಾ ಒಬ್ಬಾಕಿ ಏನೇನ್ ಮಾಡ್ಲಿ?" ಎಂದು ಚೀರಿದೆ. ಅಷ್ಟು ಜೋರಾಗಿ ಇವರ ಮೇಲೆ ಎಂದೂ ಚೀರಿರಲಿಲ್ಲ.

ಗಾಲಿಗೆ ಕಲ್ಲು ಕೊಡೋಣವೆಂದು ಇಳಿದೆ. ಸೀರೆ ಎತ್ತಿ ಕಟ್ಟಿ ಕೆಸರಿನಲ್ಲಿ ಮಲಗಿ ಗಾಡಿಯ ಕೆಳಗೆ ತಲೆ ಹಾಕಿದೆ. ಹಿಂದಕ್ಕೆ ಹೋಗುವ ಶಾಫ್ಟು ಇತ್ತು. ಮುಂದಕ್ಕೆ ಹೋಗಬೇಕಾದಲ್ಲಿ ಏನೂ ಇರಲಿಲ್ಲ. ಒಂದು ಗಳಿಗೆ ಅರ್ಥವಾಗದೆ ಅಲ್ಲೇ ನೋಡುತ್ತ ಮಲಗಿದೆ. ಆಮೇಲೆ ನೆನಪಾಯಿತು, ಒನಕೆಯಂಥ ಕಬ್ಬಿಣ, ಮೂರು ಬೆರಳಿನ ವಿಭೂತಿ, ಚೆಂಡುಹೂವು. ಸುತ್ತಿನ ಹಾದಿಯ ಚೊಲೋ ಗಾಳಿಯೂ ನೆನಪಾಯಿತು. ಇವರ ಬಡಿತ ತಗಡಿನ ಮೇಲೆ ಇನ್ನೂ ನಡೆದೇ ಇತ್ತು. ಹಾಕು ಎಂದಲ್ಲ, ಇಲ್ಲ ಎಂದು ಇವರು ಹೇಳುತ್ತಿದ್ದದ್ದು.

ನನಗೆ ಅಳು ಬರಲಿಲ್ಲ, ಸಿಟ್ಟು ಬಂತು. ಅತ್ತೆಯ ಮೇಲೆ, ಅವ್ವನ ಮಾತು ಮೀರದ ಈ ಮಗನ ಮೇಲೆ, ಪೂಜೆ ಮಾಡಿಸಿಕೊಂಡು ಮನೆಯಲ್ಲಿ ತಣ್ಣಗೆ ಕೂತ ದೇವಿಯ ಮೇಲೆ, ಒಂದಿಷ್ಟು ಡೀಸೆಲ್ ಉಳಿಸುವ ಈ ಊರಿನ ಜಾಣತನದ ಮೇಲೆ. ಕೆಸರಿನಲ್ಲೇ ಕೂತು, ಕೂಗಬಹುದಾದಷ್ಟು ಕೂಗಿದೆ.

ಎಮ್ಮೆ ಮೇಯಿಸುತ್ತಿದ್ದ ಗೌಳಿಗರಿಗೆ ಅದು ಕೇಳಿಸಿತು. ಓಡಿ ಬಂದರು. ಗಾಡಿ ಎತ್ತುವ ಮಾತೇ ಆಡಲಿಲ್ಲ. ಒಬ್ಬ ಹೆಗಲ ಮೇಲಿನ ಕಂಬಳಿ ಬಿಡಿಸಿದ, ಇನ್ನೊಬ್ಬ ಬಿದಿರು ಕಡಿದ. "ಘಾಬರಿ ಆಗಬ್ಯಾಡ್ರಿ ವೈನಿ, ಹೊತ್ಕೊಂಡ ಹೋಗೂಣು" ಎಂದು ಇವರನ್ನು ಜೋಳಿಗೆಯಲ್ಲಿ ಮಲಗಿಸಿ ಎತ್ತಿದರು. ನಾನು ಚಪ್ಪಲಿ ಕಳೆದುಕೊಂಡು ಹಿಂದೆ ಓಡಿದೆ. ಡಾಂಬರು ರಸ್ತೆಯಲ್ಲಿ, ಗೋವಾಕ್ಕೆ ಕಾಯಿಪಲ್ಲೆ ಹಾಕಿ ಖಾಲಿ ಬರುತ್ತಿದ್ದ ಟೆಂಪೋ ಒಂದು ನಿಂತಿತು. ಕೋಬೀಜಿನ ವಾಸನೆಯ ಗೋಣಿಚೀಲಗಳ ಮೇಲೆ ಇವರ ತಲೆಯನ್ನು ತೊಡೆಯ ಮೇಲಿಟ್ಟುಕೊಂಡು ಬೆಳಗಾವಿ ಮುಟ್ಟಿದೆ. ಇವರು ಆಗ ಬಡಿಯುವುದನ್ನು ನಿಲ್ಲಿಸಿದ್ದರು. ಬಡಿಯಲಿ ಎಂದು ದೇವರನ್ನು ಬೇಡಿಕೊಳ್ಳುತ್ತಿದ್ದೆ.

"ಸ್ವಲ್ಪ ಮೊದಲು ಬಂದಿದ್ದರೆ" ಎಂದಷ್ಟೇ ಡಾಕ್ಟರು ಹೇಳಿದರು. ಜೀವ ಉಳಿಯಿತು. ಬಲಗೈ ಹೋಯಿತು, ಮಾತು ಹೋಯಿತು. ಸಂಜೆ ವಾರ್ಡಿನ ಆಯಾ ಬಂದು ನನ್ನ ಕೆಸರು ಕೈಯಲ್ಲಿ ಬನ್ನಿ ಎಲೆ ಇಟ್ಟಳು. "ಬಂಗಾರದಂಗ ಇರೂಣ್ರಿ ಅಕ್ಕಾರ" ಎಂದಳು. ಆ ಹೊತ್ತಿಗೆ ಮನೆಯಲ್ಲಿ ಪೂಜೆ ಇಳಿದು, ಕಬ್ಬಿಣವೆಲ್ಲ ತನ್ನ ತನ್ನ ಜಾಗಕ್ಕೆ ಹೋಗಿರಬೇಕು.

ಅತ್ತೆ ಕೇಳಿದರು, "ಯಾಕಷ್ಟ ತಡಾ ಆತವಾ?" ಹಳ್ಳ ಬಂದಿತ್ತು ಎಂದೆ. ಆ ವಯಸ್ಸಿನಲ್ಲಿ ಅವರಿಗೆ ನಿಜ ಹೇಳಿ ನಾನು ಸಾಧಿಸುವುದು ಏನೂ ಇರಲಿಲ್ಲ. ಮರುವಾರ ಜೀಪನ್ನು ಟ್ರ್ಯಾಕ್ಟರಿನಿಂದ ಎಳೆಸಿ ತಂದು, ಮೆಕ್ಯಾನಿಕನನ್ನು ಮನೆಗೇ ಕರೆಸಿ, ಎದುರಿಗೆ ನಿಂತು ಶಾಫ್ಟು ಹಾಕಿಸಿದೆ. "ಊರಾಗ ಓಡಸಾಕ ಇದ್ಯಾಕ್ರಿ ಅಕ್ಕಾರ, ಎಣ್ಣಿ ತಿಂತೈತಿ" ಎಂದ. "ತಿನ್ಲಿ" ಎಂದೆ.

ಒಂದು ವರ್ಷ ಹೀಗೆ ಹೋಯಿತು. ದಿನಾ ಸಂಜೆ ಸಾಲೆಯಿಂದ ಬಂದು ಇವರ ಮುಂದೆ ಅಂಕಲಿಪಿಯ ಚಿತ್ರ ಹಿಡಿದು ಕೂರುತ್ತೇನೆ. ಅ ಅಂದರೆ ಅರಸ, ಆ ಅಂದರೆ ಆನೆ. ಊರಿನ ಮಕ್ಕಳಿಗೆಲ್ಲ ಓದು ಕಲಿಸಿದ ನಾನು ಇವರ ಬಾಯಿಂದ ತರಿಸಿದ್ದು "ಅವ್ವಾ" ಮತ್ತು "ಚಾ". ನನ್ನ ಹೆಸರು ಬಂದಿಲ್ಲ. ಆಸೆ ಬಿಡಬೇಡಿ ಎನ್ನುತ್ತಾರೆ ಡಾಕ್ಟರು. ಆಸೆ ಇಟ್ಟುಕೊಳ್ಳುವುದು ಎಷ್ಟು ಸುಸ್ತಿನ ಕೆಲಸ ಎಂದು ಅವರಿಗೆ ಗೊತ್ತಿಲ್ಲ. ಕೆಲವು ದಿನ ಚಿತ್ರದ ಹಾಳೆಯನ್ನು ಗೋಡೆಗೆ ಎಸೆದು ಬಚ್ಚಲಿಗೆ ಹೋಗಿ ನಲ್ಲಿ ಬಿಟ್ಟುಕೊಂಡು ಅತ್ತಿದ್ದೇನೆ.

ಈ ಸಲದ ಖಂಡೇಪೂಜೆಯಲ್ಲಿ ಅತ್ತೆ ನೆನಪು ಮಾಡಿಕೊಂಡರು. "ಹ್ವಾದ ವರ್ಷ ಉದ್ದಂದೊಂದ ಇತ್ತಲ್ಲವಾ?" "ಅದು ಗಾಡ್ಯಾಗ ಐತ್ರಿ, ಅತ್ತಿ" ಎಂದೆ. ಮರುದಿನ ಇವರು ಅಂಗಳಕ್ಕೆ ಬಂದು ಎಡಗೈಯಿಂದ ಜೀಪಿನ ಬಾಗಿಲು ತಟ್ಟಿದರು. ಎಲ್ಲಿಗೆ ಎಂದು ಕೇಳಬೇಕಾಗಿರಲಿಲ್ಲ.

ಮೋರಿಯ ಮೇಲಿನಿಂದಲೇ ತೋಟಕ್ಕೆ ಹೋಗಿ, ಪಂಪಿಗೆ ಕಾಯಿ ಒಡೆದು ಮರಳುವಾಗ ಆ ಕವಲಿನಲ್ಲಿ ಗಾಡಿ ನಿಲ್ಲಿಸಿದೆ. ನನಗೊಂದು ಹುಚ್ಚು ಆಸೆಯಿತ್ತು. ಹಳ್ಳ ದಾಟಿಸಿ ತೋರಿಸಿದರೆ ಇವರ ಮನಸ್ಸಿನ ಗಂಟೂ ಬಿಚ್ಚೀತು ಎಂದು. ಬಲಕ್ಕೆ ತಿರುಗಿಸಿದೆ. ಎಡಗೈ ಎದೆಯ ಮೇಲಿನಿಂದ ಬಂದು ಸಣ್ಣ ಗೇರನ್ನು ಬಿಗಿಯಾಗಿ ಹಿಡಿಯಿತು. ಇವರ ತುಟಿ ಅತ್ತಿತ್ತ ಎಳೆದಾಡಿತು, ಕತ್ತಿನ ನರ ಉಬ್ಬಿತು.

"ಶಾಫ್ಟ... ಇಲ್ಲ."

ಒಂದು ವರ್ಷದಲ್ಲಿ ಜೋಡಿಯಾಗಿ ಬಂದ ಮೊದಲ ಮಾತು. ನಾನು ಕಾದದ್ದು ಈ ಮಾತಿಗಲ್ಲ. "ಐತ್ರಿ, ಹಾಕಿಸೀನಿ" ಎಂದೆ. ಇವರು ತಲೆ ಅಲ್ಲಾಡಿಸಿದರು. ಅವರ ಕೈಯ ಮೇಲೆ ನನ್ನ ಕೈಯಿಟ್ಟು ಗೇರು ಜಗ್ಗಿ ಹಳ್ಳಕ್ಕೆ ಇಳಿಸಿದೆ. ಮುಂದಿನ ಗಾಲಿಗಳು ಕೆಸರನ್ನು ಕಚ್ಚಿ ಹಿಡಿದವು, ಗಾಡಿ ಸಲೀಸಾಗಿ ದಂಡೆ ಹತ್ತಿ ನಿಂತಿತು. "ನೋಡ್ರಿ, ದಾಟಿದ್ವಿ" ಎಂದೆ. ಇವರ ಕೆನ್ನೆಯ ಮೇಲೆ ನೀರು ಇಳಿಯುತ್ತಿತ್ತು. ಬೆರಳುಗಳು ಗೇರಿನ ಮೇಲೆ ಹಾಗೇ ಬಿಗಿದಿದ್ದವು.

"ಶಾಫ್ಟ ಇಲ್ಲ. ಶಾಫ್ಟ ಇಲ್ಲ."

ನಾನು ಎಂಜಿನ್ ಬಂದ್ ಮಾಡಿದೆ. ಇವರ ಕಡೆ ಪೂರ್ತಿ ತಿರುಗಿ ಕೂತೆ.

"ಹೌದ್ರಿ," ಎಂದೆ. "ಅವತ್ತ ಇರಲಿಲ್ಲ. ನೀವು ಹೇಳಿದ್ರಿ. ನನಗ ತಿಳೀಲಿಲ್ಲ."

ಇವರು ನನ್ನ ಮುಖ ನೋಡಿದರು. ಆಮೇಲೆ ಗೇರಿನಿಂದ ಕೈ ತೆಗೆದರು.